ಚಂದ್ರನನ್ನು ಹೊರಗಿಟ್ಟ ಕಡಲ ಲೆಕ್ಕ

ಉಬ್ಬರವಿಳಿತ ಎಂದೊಡನೆ ಎಲ್ಲರ ಕಣ್ಣೂ ಚಂದ್ರನ ಕಡೆ ಹೊರಳುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಜಾರ್ಜ್ ಪ್ಲಾಟ್ಸ್‌ಮನ್ ಮಾತ್ರ 1970ರ ದಶಕದಲ್ಲಿ ಚಂದ್ರನನ್ನೇ ಲೆಕ್ಕದಿಂದ ಹೊರಗಿಟ್ಟರು. ಎಳೆಯುವವರು ಯಾರೂ ಇಲ್ಲದಾಗ, ಒಮ್ಮೆ ಕಲಕಿ ಬಿಟ್ಟ ಕಡಲು ತನ್ನಷ್ಟಕ್ಕೆ ತಾನು ಎಷ್ಟು ಗಂಟೆಗೊಮ್ಮೆ ತೂಗಾಡೀತು? 1975ರಲ್ಲಿ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳಿಗೆ, 1981ರ ಹೊತ್ತಿಗೆ ಇಡೀ ವಿಶ್ವಸಾಗರಕ್ಕೆ ಅವರು ಉತ್ತರ ಕೊಟ್ಟರು: 8ರಿಂದ 80 ಗಂಟೆಗಳ ನಡುವೆ ಹತ್ತಾರು ಸಹಜ ಆಂದೋಲನಗಳು.

ಈ ಪ್ರಶ್ನೆ ಹುಟ್ಟಿದ್ದು ಸರೋವರಗಳಲ್ಲಿ. ಜಿನೀವಾ ಸರೋವರದ ನೀರು ಸುಮಾರು 73 ನಿಮಿಷಕ್ಕೊಮ್ಮೆ ಓಲಾಡುವುದನ್ನು ಸ್ವಿಸ್ ವಿಜ್ಞಾನಿ ಫೋರೆಲ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ಈರಿ ಸರೋವರದ ನೀರು ಬಿರುಗಾಳಿ ನಿಂತ ಮೇಲೂ ಸುಮಾರು 14 ಗಂಟೆಗೊಮ್ಮೆ ಏರಿಳಿಯುವುದನ್ನು ಸ್ವತಃ ಪ್ಲಾಟ್ಸ್‌ಮನ್ ಅಭ್ಯಾಸ ಮಾಡಿದ್ದರು. ಕಡಲಿಗೂ ಇಂಥದೇ ಒರಟು ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. 4,000 ಮೀಟರ್ ಆಳದ ನೀರಿನಲ್ಲಿ ಉದ್ದನೆಯ ಅಲೆ ಗಂಟೆಗೆ 700 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ; 5,000 ಕಿ.ಮೀ. ಅಗಲದ ಸಾಗರವನ್ನು ದಾಟಿ ಮರಳಲು ಅದಕ್ಕೆ ಸುಮಾರು 14 ಗಂಟೆ ಸಾಕು. ಚಂದ್ರನ ಮುಖ್ಯ ಉಬ್ಬರದ ಆವರ್ತಕಾಲ 12.42 ಗಂಟೆ. ಎರಡೂ ಇಷ್ಟು ಹತ್ತಿರ ಬಂದು ಎಳೆತ ಓಲಾಟವನ್ನು ಹಿಗ್ಗಿಸುವುದು, ಅಂದರೆ ಅನುರಣನ, ಅಟ್ಲಾಂಟಿಕ್‌ನ ಜೋರು ಉಬ್ಬರಗಳಿಗೆ ಒಂದು ಮುಖ್ಯ ಕಾರಣ.

ಆದರೆ ಭೂಮಿ ತಿರುಗುತ್ತಿರುತ್ತದೆ, ಕರಾವಳಿ ಅಂಕುಡೊಂಕು, ತಳ ಏರುಪೇರು. ಹಾಗಾಗಿ ಪ್ಲಾಟ್ಸ್‌ಮನ್ ಸಾಗರವನ್ನು ತ್ರಿಕೋನಗಳಾಗಿ ಹೋಳು ಮಾಡಿ ಕಂಪ್ಯೂಟರಿಗೆ ಒಪ್ಪಿಸಿದರು. 1984ರಲ್ಲಿ ಅವೇ ಆಂದೋಲನಗಳನ್ನು ಕೂಡಿಸಿ ನಿಜವಾದ ಉಬ್ಬರವಿಳಿತವನ್ನು ಮತ್ತೆ ಕಟ್ಟಿ ತೋರಿಸಿದರು. ಈ ಕೆಲಸದ ಹಿರಿಮೆ ಇರುವುದು ಕಾರಣ ಹೇಳುವುದರಲ್ಲಿ. ಉಪಗ್ರಹಗಳ ಅಳತೆಯನ್ನು ಬೆರೆಸಿಕೊಂಡ ಇಂದಿನ ಮಾದರಿಗಳು ನೀರು ಎಷ್ಟು ಏರುತ್ತದೆ ಎಂಬುದನ್ನು ಬಹಳ ಕರಾರುವಾಕ್ಕಾಗಿ ಹೇಳುತ್ತವೆ. ಇಲ್ಲೇ ಏಕೆ ಅಷ್ಟು ಏರುತ್ತದೆ ಎಂದು ಕೇಳಿದರೆ ಸಹಜ ಆಂದೋಲನಗಳ ಲೆಕ್ಕಕ್ಕೇ ಮರಳಬೇಕು.

ಕೊರತೆಯೂ ಸಣ್ಣದಲ್ಲ. ಪ್ಲಾಟ್ಸ್‌ಮನ್ ಅವರ ಕಡಲಿನಲ್ಲಿ ಘರ್ಷಣೆ ಇಲ್ಲ. ಅಲ್ಲಿ ಎದ್ದ ಓಲಾಟ ಎಂದೂ ಅಡಗದು. ನಿಜವಾದ ಕಡಲಿನಲ್ಲಿ ಉಬ್ಬರದ ಶಕ್ತಿಯ ಬಹುಪಾಲು ಕಳೆದುಹೋಗುವುದು ಆಳವಿಲ್ಲದ ಕರಾವಳಿ ನೀರಿನಲ್ಲಿ, ಅಂದರೆ ಜನ ಬದುಕುವ ಅಂಚಿನಲ್ಲಿ. ನೀರಿನ ಭಾರಕ್ಕೆ ತಳ ಕುಗ್ಗುವುದನ್ನೂ ನೀರು ನೀರನ್ನೇ ಸೆಳೆಯುವುದನ್ನೂ ಅವರು ಬಿಟ್ಟಿದ್ದರು. 2007ರಲ್ಲಿ ಸಾಗರವಿಜ್ಞಾನಿ ಮಾಲ್ಟೆ ಮ್ಯುಲರ್ ಇವನ್ನು ಪೂರ್ತಿಯಾಗಿ ಸೇರಿಸಿಕೊಂಡು ಮತ್ತೆ ಲೆಕ್ಕ ಹಾಕಿದಾಗ ಆವರ್ತಕಾಲಗಳೇ ಬದಲಾದವು.

ಘರ್ಷಣೆಯ ವಿಷಯದಲ್ಲಿ ಸಾಗರವಿಜ್ಞಾನಿ ಕ್ರಿಸ್ ಗ್ಯಾರೆಟ್ 1972ರಲ್ಲಿ ಕೆನಡಾದ ಫಂಡಿ ಕೊಲ್ಲಿಯ ಬಗ್ಗೆ ಬರೆದ ಪುಟ್ಟ ಪ್ರಬಂಧವೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ನೀರು 16 ಮೀಟರ್‌ವರೆಗೆ ಏರಿಳಿಯುತ್ತದೆ. ಗ್ಯಾರೆಟ್ ದೊಡ್ಡ ಮಾದರಿ ಕಟ್ಟಲು ಹೋಗಲಿಲ್ಲ. 12, 12.42 ಮತ್ತು 12.66 ಗಂಟೆಗಳ ಮೂರು ಉಬ್ಬರ ಘಟಕಗಳು ಹೊರಗಡಲಿಗಿಂತ ಕೊಲ್ಲಿಯೊಳಗೆ ಎಷ್ಟೆಷ್ಟು ಹಿಗ್ಗುತ್ತವೆ ಎಂದು ಹೋಲಿಸಿದರು. ಆವರ್ತಕಾಲ ಉದ್ದವಾದಷ್ಟೂ ಹಿಗ್ಗು ಹೆಚ್ಚು. ಹಾಗಾದರೆ ಕೊಲ್ಲಿಯ ಸಹಜ ಆವರ್ತಕಾಲ ಇನ್ನೂ ಆಚೆಗಿರಬೇಕು. ಬಂದ ಉತ್ತರ ಸುಮಾರು 13.3 ಗಂಟೆ. ಅಳತೆಗಳು ನಿಜವಾದ ಕಡಲಿನವಾದ್ದರಿಂದ ಘರ್ಷಣೆ ಅವುಗಳಲ್ಲಿ ತಾನಾಗಿಯೇ ಸೇರಿತ್ತು.

ವಿದ್ಯುತ್ತಿಗಾಗಿ ಕೊಲ್ಲಿಗೆ ಅಡ್ಡಗಟ್ಟೆ ಕಟ್ಟುವ ಯೋಜನೆ ಬಂದಾಗ ಈ ಸಂಖ್ಯೆಯ ಬಿಸಿ ತಟ್ಟಿತು. ಅಡ್ಡಗಟ್ಟೆ ಕಟ್ಟಿದರೆ ಕೊಲ್ಲಿ ಮೊಟಕಾಗುತ್ತದೆ, ಆವರ್ತಕಾಲ ಕುಗ್ಗಿ ಚಂದ್ರನ 12.42ರ ಕಡೆಗೆ ಜಾರುತ್ತದೆ, ಅನುರಣನ ಬಲಗೊಳ್ಳುತ್ತದೆ. ನೂರಾರು ಕಿ.ಮೀ. ದೂರದ ಬಾಸ್ಟನ್‌ನಲ್ಲೂ ಉಬ್ಬರ ಹೆಚ್ಚುತ್ತದೆ ಎಂದು ಸಾಗರವಿಜ್ಞಾನಿ ಡೇವಿಡ್ ಗ್ರೀನ್‌ಬರ್ಗ್ ಅವರ 1979ರ ಮಾದರಿ ತೋರಿಸಿತು.

ನಮ್ಮ ಪಶ್ಚಿಮ ಕರಾವಳಿಗೂ ಇದು ದೂರದ ಮಾತಲ್ಲ. ಮಂಗಳೂರಿನಲ್ಲಿ ಒಂದೂವರೆ ಮೀಟರ್ ಆಸುಪಾಸು ಏರಿಳಿಯುವ ಅದೇ ಅರಬ್ಬಿ ಸಮುದ್ರ ಖಂಭಾತ್ ಕೊಲ್ಲಿಯ ಭಾವನಗರದ ಬಳಿ 10 ಮೀಟರ್ ಮುಟ್ಟುತ್ತದೆ. ಆ ಕೊಲ್ಲಿಗೆ ಅಡ್ಡಗಟ್ಟೆ ಕಟ್ಟಿ ಸಿಹಿನೀರು ನಿಲ್ಲಿಸುವ ಕಲ್ಪಸರ್ ಯೋಜನೆ ಗುಜರಾತಿನಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ. ಅಡ್ಡಗಟ್ಟೆಯ ಹೊರಗೆ ಉಳಿಯುವ ಮೊಟಕು ಕೊಲ್ಲಿ ಎಷ್ಟು ಗಂಟೆಗೊಮ್ಮೆ ತೂಗಾಡುತ್ತದೆ ಎಂಬ ಲೆಕ್ಕ, ಘರ್ಷಣೆಯನ್ನೂ ಸೇರಿಸಿಕೊಂಡು, ಮೊದಲ ಕಲ್ಲು ಬೀಳುವ ಮೊದಲೇ ಅಲ್ಲಿನ ಮೀನುಗಾರರ ಮತ್ತು ಬಂದರಿನವರ ಕೈಯಲ್ಲಿರಬೇಕು.