ಚೋಮ ಮರಳಿದ್ದೇಕೆ?

ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ 1933ರ ಕಾದಂಬರಿ 'ಚೋಮನ ದುಡಿ'ಯನ್ನು ಸಮಾಜಶಾಸ್ತ್ರದ ಬೆಳಕಿನಲ್ಲಿ ಮತ್ತೊಮ್ಮೆ ಓದಿ ನೋಡಿ.

ಸಮಾಜವನ್ನು ಅಂಗಗಳು ಕೂಡಿದ ದೇಹದಂತೆ ಕಾಣುವ ಡರ್ಖೈಮ್ ಪಂಥಕ್ಕೆ, ಚೋಮನಿಗೆ ಭೂಮಿ ಕೊಡಕೂಡದೆನ್ನುವ ಸಂಕಪ್ಪಯ್ಯನ ತಾಯಿ ವ್ಯವಸ್ಥೆಯ ಕಾವಲುಗಾರ್ತಿ. ಆ ವ್ಯವಸ್ಥೆ ಯಾರ ಬೆನ್ನ ಮೇಲೆ ನಿಂತಿದೆಯೆಂದು ಆ ಪಂಥ ಕೇಳುವುದು ಕಡಿಮೆ. ಮಾರ್ಕ್ಸ್ ಕೇಳುತ್ತಾನೆ. ಎತ್ತುಗಳಿದ್ದೂ ನೆಲವಿಲ್ಲದವನ ಸಾಲ, ಮಕ್ಕಳ ಕಾಫಿತೋಟದ ದುಡಿಮೆ ಅವನಿಗೆ ನಿಚ್ಚಳ.

ಆದರೆ ಕ್ರೈಸ್ತನಾದರೆ ಭೂಮಿ ದೊರಕೀತೆಂದು ಹೊರಟ ಚೋಮ, ತನ್ನ ದೈವವನ್ನು ನೆನೆದು ದಾರಿಯಿಂದಲೇ ಮರಳುತ್ತಾನಲ್ಲ! ಲಾಭದ ಲೆಕ್ಕಕ್ಕೆ ಇದು ನಿಲುಕದು. ಮಾಡುವವನಿಗೆ ತನ್ನ ಕ್ರಿಯೆಯ ಅರ್ಥವೇನೆಂದು ವಿಚಾರಿಸುವ ವೆಬರನೇ ಇಲ್ಲಿ ಹತ್ತಿರದವನು. ಮತಾಂತರವನ್ನು ಬರಿಯ ಹೊಟ್ಟೆಪಾಡೆಂದು ಹಳಿಯುವವರೂ, ಬರಿಯ ಬಿಡುಗಡೆಯೆಂದು ಹೊಗಳುವ ನಾವೂ ಆ ಪುಟವನ್ನು ಅವಸರದಲ್ಲಿ ದಾಟಿದ್ದೇವೆ.