ಶೇ. 5ರ ಮಹಿಮೆ: ವಿಕ್ಟೋರಿಯದ ಐವತ್ತಾರನೆಯ ಶಿಫಾರಸು

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 2009ರ ಫೆಬ್ರುವರಿ 7ರಂದು 173 ಜನರನ್ನು ಬಲಿ ತೆಗೆದುಕೊಂಡ ಕಾಡ್ಗಿಚ್ಚುಗಳನ್ನು ಕುರಿತು ಬರ್ನಾರ್ಡ್ ಟೀಗ್ ಅವರ ಅಧ್ಯಕ್ಷತೆಯ ರಾಯಲ್ ಕಮಿಷನ್ 2010ರ ಜುಲೈನಲ್ಲಿ ಒಪ್ಪಿಸಿದ ಅಂತಿಮ ವರದಿಗೆ ಈ ವಿಷಯದ ಚರ್ಚೆಗಳಲ್ಲಿ ಪ್ರಮಾಣಗ್ರಂಥದ ಗೌರವ ಸಲ್ಲುತ್ತ ಬಂದಿದೆ. ಈ ಗೌರವ ಬಹುಪಾಲು ನ್ಯಾಯವಾದದ್ದೇ; ವಿದ್ಯುತ್ ತಂತಿಗಳ ಅವಸ್ಥೆ, ಎಚ್ಚರಿಕೆ ಕೊಡುವ ಕ್ರಮ, ಮನೆಯಲ್ಲೇ ನಿಂತು ಬೆಂಕಿ ಎದುರಿಸುವುದೋ ಬೇಗ ಊರು ಬಿಡುವುದೋ ಎಂಬ ಹಳೆಯ ನೀತಿಯ ದೋಷ ಇವುಗಳ ಮೇಲಿನ ಅಧ್ಯಾಯಗಳನ್ನು ಓದಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ 67 ಶಿಫಾರಸುಗಳಲ್ಲಿ ಅತಿ ಹೆಚ್ಚು ಖ್ಯಾತಿ ಗಳಿಸಿದ 56ನೆಯದು ವರದಿಯ ಅತ್ಯಂತ ದುರ್ಬಲ ಭಾಗ. ಸಾರ್ವಜನಿಕ ಭೂಮಿಯ ಕನಿಷ್ಠ ಶೇ. 5ರಷ್ಟನ್ನು ಪ್ರತಿ ವರ್ಷ ಸುಡುವ ದೀರ್ಘಕಾಲದ ಕಾರ್ಯಕ್ರಮಕ್ಕೆ ಸರ್ಕಾರ ಹಣ ಒದಗಿಸಿ ಬದ್ಧವಾಗಬೇಕೆಂಬುದು ಅದರ ತಾತ್ಪರ್ಯ. ಹವೆ ತಂಪಾಗಿರುವ ದಿನಗಳಲ್ಲಿ ಇಲಾಖೆಯೇ ಗಡಿ ಹಾಕಿಕೊಂಡು ನೆಲದ ತರಗು, ಒಣಕಡ್ಡಿ, ಪೊದೆಗಳಿಗೆ ಬೆಂಕಿ ಇಟ್ಟು, ಬೇಸಗೆಯ ದೊಡ್ಡ ಬೆಂಕಿಗೆ ಮೇವು ಉಳಿಯದಂತೆ ಮಾಡುವುದೇ ಇಲ್ಲಿ ಹೇಳುವ ನಿಯೋಜಿತ ಸುಡುವಿಕೆ.

ಮೊದಲ ಪ್ರಶ್ನೆ ಈ ಐದರ ಹುಟ್ಟಿನದು. ಮಡಿದವರ ನೆನಪಿನ ಭಾರದಲ್ಲಿ ಓದುವವರಿಗೆ ಅದು ಆ ಬೆಂಕಿಯಿಂದಲೇ ಕಲಿತ ಪಾಠವೆಂದು ತೋರುತ್ತದೆ; ವಾಸ್ತವದಲ್ಲಿ ಅದು ಬೆಂಕಿಗಿಂತ ಹಿಂದಿನದು. 2008ರಲ್ಲಿಯೇ ವಿಕ್ಟೋರಿಯದ ಸಂಸದೀಯ ಸಮಿತಿಯೊಂದು ವಾರ್ಷಿಕ ಸುಡುವಿಕೆಯನ್ನು 1,30,000 ಹೆಕ್ಟೇರಿನಿಂದ 3,85,000 ಹೆಕ್ಟೇರಿಗೆ ಏರಿಸಲು ಹೇಳಿತ್ತು, ಮತ್ತು ರಾಜ್ಯದ ಸುಮಾರು 77 ಲಕ್ಷ ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ಅದು ಸರಿಯಾಗಿ ಶೇ. 5 ಆಗುತ್ತದೆ. ಹೀಗೆ ಸಿದ್ಧವಾಗಿದ್ದ ಅಂಕಿಗೆ 2009ರ ದುರಂತ ಆಧಾರ ಒದಗಿಸಲಿಲ್ಲ, ಪ್ರಶ್ನಿಸಲಾಗದಂಥ ನೈತಿಕ ಬಲವನ್ನು ಮಾತ್ರ ಒದಗಿಸಿತು.

ಇನ್ನು ಗಣಿತವನ್ನೇ ನೋಡಿದರೆ, ವರ್ಷಕ್ಕೆ ಶೇ. 5 ಎಂದರೆ ಸರಾಸರಿಯಲ್ಲಿ ಒಂದು ತುಂಡು ಕಾಡಿನ ಸರದಿ ಬರುವುದು 20 ವರ್ಷಕ್ಕೊಮ್ಮೆ. ಒಣ ನೀಲಗಿರಿ ಕಾಡುಗಳಲ್ಲಿ ಸುಟ್ಟ ನೆಲಕ್ಕೆ ತರಗು ಮತ್ತೆ ಕೂಡಿಕೊಳ್ಳಲು ಕೆಲವೇ ವರ್ಷ ಸಾಕು. ಸುಡುವಿಕೆಯ ಪರಿಣಾಮ ಐದು ವರ್ಷ ನಿಲ್ಲುತ್ತದೆಂದು ಉದಾರವಾಗಿ ಹಿಡಿದರೂ, ಗುರಿ ಪೂರ್ತಿ ಮುಟ್ಟಿದ ಕಾಲದಲ್ಲಿ ಕೂಡ ಭೂಮಿಯ ಮುಕ್ಕಾಲು ಪಾಲು ರಕ್ಷಣೆಯ ಹೊರಗೇ ಉಳಿಯುತ್ತದೆ, ಮತ್ತು ಒಳಗಿನ ಕಾಲು ಪಾಲು ಊರುಗಳ ಬಳಿಯೇ ಇರಬೇಕೆಂಬ ಷರತ್ತನ್ನು ಈ ಅಂಕಿ ವಿಧಿಸುವುದಿಲ್ಲ. 2009ರ ಬೆಂಕಿಗೆ ಸಿಕ್ಕ ಕಿಂಗ್‌ಲೇಕ್, ಮೇರಿಸ್‌ವಿಲ್ ಊರುಗಳ ಸುತ್ತಲಿನ ಎತ್ತರದ ಮೌಂಟನ್ ಆ್ಯಶ್ ಕಾಡುಗಳು ವರ್ಷದ ಬಹುಭಾಗ ಬೆಂಕಿ ಹಿಡಿಯದಷ್ಟು ಒದ್ದೆ, ಹಿಡಿದರೆ ಮರವೇ ಸಾಯುವಷ್ಟು ಸೂಕ್ಷ್ಮ. ಅಲ್ಲಿ ನಿಯೋಜಿತ ಸುಡುವಿಕೆಗೆ ಜಾಗವಿಲ್ಲ. ಆದ್ದರಿಂದ ಲೆಕ್ಕದ ಹೆಕ್ಟೇರುಗಳು ಅಗ್ಗವಾಗಿ ಸಿಗುವ ಕಡೆಗೆ ಹೊರಟವು: ಜನವಸತಿ ವಿರಳವಾದ ವಾಯವ್ಯದ ಮ್ಯಾಲಿ ಎಂಬ ಕುರುಚಲು ಪ್ರದೇಶದಲ್ಲಿ, ಬಹುಕಾಲ ಸುಡದ ನೆಲವನ್ನೇ ನಂಬಿದ ಮ್ಯಾಲಿಕೋಳಿಯ ನೆಲೆಯಲ್ಲಿ, ವಿಸ್ತಾರವಾಗಿ ಬೆಂಕಿ ಇಡಲಾಯಿತು. ಶಿಫಾರಸುಗಳ ಜಾರಿಯನ್ನು ಗಮನಿಸಲು ನೇಮಕವಾದ ನೀಲ್ ಕೊಮ್ರಿ ಈ ಗುರಿ ಸಾಧ್ಯವೂ ಅಲ್ಲ, ಕೈಗೆಟುಕುವ ವೆಚ್ಚದ್ದೂ ಅಲ್ಲ ಎಂಬ ಅನುಮಾನವನ್ನು ಮತ್ತೆ ಮತ್ತೆ ದಾಖಲಿಸಿದರು. ಗುರಿ ಒಂದು ವರ್ಷವೂ ಮುಟ್ಟಲಿಲ್ಲ.

ಶಿಫಾರಸುಗಳ ಅನುಕ್ರಮವೂ ಗಮನಾರ್ಹ. 56 ಸುಡಲು ಹೇಳುತ್ತದೆ. ಸುಡುವುದರಿಂದ ಜೀವವೈವಿಧ್ಯಕ್ಕೆ ಏನಾಗುತ್ತದೆ ಎಂಬ ದೀರ್ಘಕಾಲದ ಮಾಹಿತಿಯ ಸಂಗ್ರಹವನ್ನು ಗಣನೀಯವಾಗಿ ಸುಧಾರಿಸಬೇಕೆಂದು ಹೇಳಲು 58 ಬರಬೇಕಾಯಿತು. ಮದ್ದಿನ ಪ್ರಮಾಣ ಬರೆದ ಮೇಲೆ ರೋಗಿಯ ನಾಡಿ ಹಿಡಿದಂತಾಯಿತು ಇದು.

ಆದರೂ ಈ ಅಂಕಿಯ ನಿಜವಾದ ಬುಡ ಇನ್ನೂ ಆಳದಲ್ಲಿ, 1960ರ ದಶಕದಲ್ಲಿ ಬೆಂಕಿ ವಿಜ್ಞಾನಿ ಎ. ಜಿ. ಮೆಕಾರ್ಥರ್ ರೂಪಿಸಿದ ಸೂತ್ರದಲ್ಲಿದೆ. ಅದರ ಪ್ರಕಾರ ನೆಲದ ಮೇಲಿನ ಸಣ್ಣ ಇಂಧನದ ತೂಕ ಇಮ್ಮಡಿಯಾದರೆ ಬೆಂಕಿ ಮುನ್ನುಗ್ಗುವ ವೇಗ ಇಮ್ಮಡಿಯಾಗುತ್ತದೆ. ಬೆಂಕಿಯ ತೀವ್ರತೆ ತೂಕ ಮತ್ತು ವೇಗಗಳ ಗುಣಲಬ್ಧವನ್ನು ಅವಲಂಬಿಸುವುದರಿಂದ ಅದು ನಾಲ್ಕು ಪಟ್ಟಾಗುತ್ತದೆ. ತೂಕ ಇಳಿಸಿದರೆ ಅಪಾಯ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ ಎಂಬ ಈ ಆಕರ್ಷಕ ತೀರ್ಮಾನವೇ ಹೆಕ್ಟೇರಿನ ಭಾಷೆಗೆ ವಿಜ್ಞಾನದ ಉಡುಪು ತೊಡಿಸಿದ್ದು. ಪಶ್ಚಿಮ ಆಸ್ಟ್ರೇಲಿಯದ ಕಾಡುಗಳಲ್ಲಿ 1998ರಿಂದ 2001ರವರೆಗೆ ನಡೆದು 2007ರಲ್ಲಿ ಪ್ರಕಟವಾದ ಪ್ರಾಜೆಕ್ಟ್ ವೆಸ್ಟಾ ಪ್ರಯೋಗಗಳು ಕಂಡದ್ದು ಬೇರೆಯೇ: ವೇಗ ಹಿಂಬಾಲಿಸುವುದು ತೂಕವನ್ನಲ್ಲ, ಇಂಧನದ ರಚನೆಯನ್ನು, ಅಂದರೆ ನೆಲಕ್ಕೆ ಹತ್ತಿರದ ಪದರದ ಎತ್ತರ, ಪೊದೆಗಳ ದಟ್ಟಣೆ ಮುಂತಾದವನ್ನು. ಈ ವ್ಯತ್ಯಾಸ ಪಂಡಿತರ ಕೂದಲು ಸೀಳುವಿಕೆಯಲ್ಲ. ಅಕೇಶಿಯದಂಥ ಗಿಡಗಳ ಬೀಜ ಬಿಸಿ ತಾಗಿದಾಗಲೇ ಮೊಳೆಯುವುದರಿಂದ, ಇಂದು ತರಗನ್ನು ತೆಗೆದ ಬೆಂಕಿಯೇ ಕೆಲವು ವರ್ಷಗಳಲ್ಲಿ ಅದೇ ಜಾಗದಲ್ಲಿ ಪೊದೆಯ ದಟ್ಟ ಪದರವನ್ನು ಎಬ್ಬಿಸಬಲ್ಲದು. ಈ ಫಲಿತಾಂಶ ಅಚ್ಚಾಗಿ ಮೂರು ವರ್ಷ ಕಳೆದಿದ್ದರೂ ಶಿಫಾರಸು ಮಾತಾಡಿದ್ದು ಹೆಕ್ಟೇರಿನ ಭಾಷೆಯನ್ನೇ.

ಸುಡುವಿಕೆ ಪೂರ್ತಿ ನಿಷ್ಪ್ರಯೋಜಕವೆಂಬ ಎದುರು ಪಕ್ಷದ ಮಾತೂ ನಿಲ್ಲುವುದಿಲ್ಲ. ಸಾಧಾರಣ ಹವೆಯಲ್ಲಿ ಇತ್ತೀಚೆಗೆ ಸುಟ್ಟ ಕಾಡು ಬೆಂಕಿಯನ್ನು ತಗ್ಗಿಸುತ್ತದೆ, ಸಿಬ್ಬಂದಿಗೆ ನಿಲ್ಲಲು ಜಾಗ ಕೊಡುತ್ತದೆ. ಆದರೆ ಮನೆಗಳನ್ನು ತಿನ್ನುವುದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ದಾಖಲಾದ ಫೆಬ್ರುವರಿ 7ರಂಥ ದಿನಗಳು; ಅಂಥ ದಿನ ತೊಗಟೆಯ ಉರಿಯುವ ಪಟ್ಟಿಗಳು ಗಾಳಿಯಲ್ಲಿ ಹಲವು ಕಿಲೋಮೀಟರು ಹಾರಿ ಸುಟ್ಟ ಪಟ್ಟಿಯನ್ನು ದಾಟಿಬಿಡುತ್ತವೆ. ಆ ದಿನ ಬೆಂಕಿಯ ದಾರಿಗೆ ಸಿಕ್ಕ ಮನೆಗಳನ್ನೇ ಅಧ್ಯಯನ ಮಾಡಿ ಫಿಲಿಪ್ ಗಿಬ್ಬನ್ಸ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಮನೆಯಿಂದ 40 ಮೀಟರಿನೊಳಗೆ ಮರ, ಪೊದೆ ಕಡಿಮೆ ಮಾಡುವುದು ದೂರದ ಕಾಡನ್ನು ಸುಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇದು ಆಯೋಗದ ಕೈಗೆ ಸಿಗದ ಸಾಕ್ಷ್ಯವೆಂಬ ರಿಯಾಯಿತಿ ಸಲ್ಲಬೇಕು.

ಈ ಪದ್ಧತಿಯ ಅಪಾಯವನ್ನು ಅದರ ವಕೀಲರು ಅಡಿಟಿಪ್ಪಣಿಯಷ್ಟಕ್ಕೆ ಇಳಿಸುತ್ತಾರೆ. ಸಿಡ್ನಿಯ ಉತ್ತರಕ್ಕಿರುವ ಕು-ರಿಂಗ್-ಗೈ ಅರಣ್ಯದಲ್ಲಿ 2000ರ ಜೂನ್‌ನಲ್ಲಿ ಇಂಥ ಸುಡುವಿಕೆಯಲ್ಲಿ ನಾಲ್ವರು ಸಿಬ್ಬಂದಿ ಸತ್ತರು. 2011ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮಾರ್ಗರೆಟ್ ರಿವರ್ ಬಳಿ ಗಡಿ ತಪ್ಪಿಸಿಕೊಂಡ ನಿಯೋಜಿತ ಬೆಂಕಿ ಮೂವತ್ತಕ್ಕೂ ಹೆಚ್ಚು ಮನೆಗಳನ್ನು ನುಂಗಿತು. 2015ರ ಅಕ್ಟೋಬರಿನಲ್ಲಿ ವಿಕ್ಟೋರಿಯದ ಲ್ಯಾನ್ಸ್‌ಫೀಲ್ಡ್‌ನಲ್ಲಿ ತಪ್ಪಿಸಿಕೊಂಡದ್ದು 3,000 ಹೆಕ್ಟೇರಿಗೂ ಮೀರಿ ಹರಡಿ ಮನೆಗಳನ್ನು ಸುಟ್ಟಿತು. ಹೊಗೆಯ ವಿಷಯದಲ್ಲಂತೂ ಇಕ್ಕಟ್ಟಿಗೆ ಪರಿಹಾರವೇ ಇಲ್ಲ, ಏಕೆಂದರೆ ಬೆಂಕಿ ಇಡಲು ಸುರಕ್ಷಿತವಾದ ಗಾಳಿಯಿಲ್ಲದ ತಂಪು ದಿನಗಳೇ ಹೊಗೆ ಕಣಿವೆಯಲ್ಲಿ ಮಡುಗಟ್ಟಿ ಊರಿನವರ ಎದೆಗೆ ಇಳಿಯುವ ದಿನಗಳು.

ಇಲ್ಲಿ ಸುಡುವಿಕೆಯ ವಕೀಲರ ಇನ್ನೊಂದು ಗುಂಪಿನೊಡನೆ ಜಗಳ ಅನಿವಾರ್ಯ. ಪುರಾತತ್ತ್ವಜ್ಞ ರೀಸ್ ಜೋನ್ಸ್ 1969ರಲ್ಲಿ ‘ಬೆಂಕಿಕೋಲಿನ ಬೇಸಾಯ’ ಎಂಬ ಅರ್ಥದ ಪದ ಟಂಕಿಸಿದ ಮೇಲೆ, ವಿಶೇಷವಾಗಿ ಇತಿಹಾಸಕಾರ ಬಿಲ್ ಗ್ಯಾಮೇಜ್ ಅವರ 2011ರ ‘ದ ಬಿಗ್ಗೆಸ್ಟ್ ಎಸ್ಟೇಟ್ ಆನ್ ಅರ್ತ್’ ಬಂದ ಮೇಲೆ, ಮೂಲನಿವಾಸಿಗಳು ಸಾವಿರಾರು ವರ್ಷ ಸುಟ್ಟಿದ್ದರು, ಆದ್ದರಿಂದ ಸರ್ಕಾರವೂ ಹೆಚ್ಚು ಸುಡಬೇಕು ಎಂಬ ವಾದ ಮಾಮೂಲಾಗಿದೆ. ಇದು ಗ್ಯಾಮೇಜ್‌ರನ್ನೇ ಅರ್ಧ ಓದಿದ ಫಲ. ಅವರು ಚಿತ್ರಿಸಿದ್ದು ಯಾವ ಹುಲ್ಲನ್ನು ಯಾವಾಗ, ಯಾರು ಸುಡಬೇಕೆಂಬುದು ಕಟ್ಟುಪಾಡಿಗೆ ಒಳಪಟ್ಟಿದ್ದ, ಸುಡದೆ ಬಿಡುವುದೂ ಅಷ್ಟೇ ಮುಖ್ಯವಾಗಿದ್ದ ತುಂಡು ತುಂಡಿನ ಜ್ಞಾನವನ್ನು. ಹೆಲಿಕಾಪ್ಟರಿನಿಂದ ಬೆಂಕಿಯುಂಡೆ ಉದುರಿಸಿ ವಾರ್ಷಿಕ ಕೋಟಾ ತುಂಬಿಸುವುದಕ್ಕೆ ಅದನ್ನು ಪೂರ್ವಜನಾಗಿ ತೋರಿಸುವುದು ವಂಶಾವಳಿಯ ಮೋಸ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯನ್ನು, ಅಂದರೆ ಬೇಸಗೆ ಬಲಿಯುವ ಮುನ್ನ ತರಗಿಗೆ ಇಡುತ್ತಿದ್ದ ಮೆಲುಬೆಂಕಿಯನ್ನು, ಅದು ನಿಂತ ಮೇಲೆ ಲಂಟಾನ ಹಬ್ಬಿದ ಬಗೆಯನ್ನು ಬಲ್ಲ ಕನ್ನಡದ ಓದುಗರಿಗೆ ಈ ಅಂತರ ಬೇಗ ಹೊಳೆದೀತು.

ಲ್ಯಾನ್ಸ್‌ಫೀಲ್ಡ್ ಘಟನೆಯ ವರ್ಷವೇ ವಿಕ್ಟೋರಿಯ ಶೇ. 5ನ್ನು ಕೈಬಿಡಲು ನಿರ್ಧರಿಸಿ ‘ಉಳಿಕೆ ಅಪಾಯ’ ಎಂಬ ಹೊಸ ಅಳತೆಗೆ ಬಂತು: ಕಾಡು ಒಮ್ಮೆಯೂ ಸುಡದಿದ್ದರೆ ಇರುವ ಅಪಾಯವನ್ನು 100 ಎಂದಿಟ್ಟುಕೊಂಡು, ಸುಟ್ಟ ಬಳಿಕ ಮನೆಗಳಿಗೆ ಉಳಿದ ಅಪಾಯವನ್ನು ಫೀನಿಕ್ಸ್ ಎಂಬ ಗಣಕ ಮಾದರಿಯಿಂದ ಲೆಕ್ಕಹಾಕಿ, ಅದನ್ನು 70 ಅಥವಾ ಅದಕ್ಕಿಂತ ಕೆಳಗೆ ಇಡುವುದು. ಎಲ್ಲಿ ಸುಡಬೇಕೆಂಬ ಪ್ರಶ್ನೆ ಕೊನೆಗೂ ಲೆಕ್ಕದೊಳಗೆ ಬಂದದ್ದು ದೊಡ್ಡ ಸುಧಾರಣೆ. ಆದರೆ ಫೀನಿಕ್ಸ್ ಕಾಡಿನ ಬೆಂಕಿಯ ವೇಗ ಕಂಡುಹಿಡಿಯುವುದು ಮೆಕಾರ್ಥರ್ ಸೂತ್ರದ ಪರಿಷ್ಕೃತ ರೂಪದಿಂದಲೇ, ಮತ್ತು ಆ ಲೆಕ್ಕದಲ್ಲಿ ಇಲಾಖೆ ಸುಟ್ಟದ್ದಕ್ಕೂ ಕಾಡ್ಗಿಚ್ಚು ಸುಟ್ಟದ್ದಕ್ಕೂ ಭೇದವಿಲ್ಲವಾದ್ದರಿಂದ, 2019–20ರ ಬೇಸಗೆಯಲ್ಲಿ ಪೂರ್ವ ಗಿಪ್ಸ್‌ಲ್ಯಾಂಡಿನ ಕಾಡುಗಳನ್ನು ಬೂದಿ ಮಾಡಿದ ಬೆಂಕಿಯೂ ಆ ಅಂಕಿಯನ್ನು ಇಳಿಸುವ ಬೆಂಕಿಯೇ.