ಉಕ್ತಲೇಖನವೂ ಸ್ವಂತ ನುಡಿಯೂ: ಥೆರೆಸಾ ಹಾಕ್ ಕ್ಯುಂಗ್ ಚಾಳ ‘ಡಿಕ್ಟೇ’

ಶಾಲೆಯ ಅಭ್ಯಾಸಗಳಲ್ಲಿ ಉಕ್ತಲೇಖನದಷ್ಟು ವಿಧೇಯವಾದುದು ಮತ್ತೊಂದಿಲ್ಲ. ಹೇಳುವವರ ಬಾಯಿಂದ ಬಂದುದನ್ನು ಬರೆಯುವವರ ಕೈ ಹೆಚ್ಚು ಕಡಮೆಯಿಲ್ಲದೆ ಹಿಡಿದಿಡಬೇಕು. ಬರೆಯುವವರಿಗೆ ಅಲ್ಲಿ ತಮ್ಮದೆಂಬ ಮಾತಿಲ್ಲ. ಕೊರಿಯಾ ದೇಶದ ಬುಸಾನಿನಲ್ಲಿ 1951ರಲ್ಲಿ, ಯುದ್ಧದ ನಡುವೆ ಜನಿಸಿ, ಬಾಲ್ಯದಲ್ಲಿಯೇ ಮನೆಯವರೊಡನೆ ಅಮೆರಿಕಕ್ಕೆ ವಲಸೆಹೋದ ಥೆರೆಸಾ ಹಾಕ್ ಕ್ಯುಂಗ್ ಚಾ ತನ್ನ ಗ್ರಂಥಕ್ಕೆ ಈ ಅಭ್ಯಾಸದ ಫ್ರೆಂಚ್ ಹೆಸರನ್ನೇ ಇಟ್ಟಳು. ‘ಡಿಕ್ಟೇ’ ಪ್ರಕಟವಾದುದು 1982ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಆಕೆ ನ್ಯೂಯಾರ್ಕಿನಲ್ಲಿ ಕೊಲೆಗೀಡಾದಳು.

ಗ್ರಂಥಾರಂಭದ ಉಕ್ತಲೇಖನದಲ್ಲಿ ವಿರಾಮಚಿಹ್ನೆಗಳ ಹೆಸರುಗಳೂ ಅಕ್ಷರಗಳಲ್ಲಿಯೇ ಬರೆಯಲ್ಪಟ್ಟಿವೆ. ಕೇಳಿದುದೆಲ್ಲವನ್ನೂ ವಿದ್ಯಾರ್ಥಿನಿ ಬರೆದುಬಿಟ್ಟಿದ್ದಾಳೆ. ಅತಿಯಾದ ವಿಧೇಯತೆಯೇ ಅವಿಧೇಯತೆಯಾಗಿ ಪರಿಣಮಿಸಿದೆ. ಇದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕುವವರು ತಾಯಿಯ ಪ್ರಕರಣದವರೆಗಾದರೂ ತಾಳ್ಮೆಯಿಂದ ಓದಬೇಕು. ದೇಶ ತೊರೆದ ಕೊರಿಯನ್ನರ ಮಗಳಾಗಿ ಮಂಚೂರಿಯಾದಲ್ಲಿ ಬೆಳೆದ ಆ ತಾಯಿ ಹದಿನೆಂಟನೆಯ ವಯಸ್ಸಿನಲ್ಲಿ ಹಳ್ಳಿಯ ಉಪಾಧ್ಯಾಯಿನಿಯಾಗುತ್ತಾಳೆ. ಜಪಾನೀಯರ ಅಧಿಕಾರ ನಡೆಯುತ್ತಿದ್ದ ಕಾಲವದು. ಪಾಠ ಹೇಳಬೇಕಾದುದು ಜಪಾನೀ ಭಾಷೆಯಲ್ಲಿ, ತಾಯ್ನುಡಿ ಗುಟ್ಟಿನ ಸೊತ್ತು. ತಾಯಿಯ ಮೇಲೆ ಹೇರಿದ ನುಡಿಯನ್ನೂ ಮಗಳು ಕಲಿತ ಇಂಗ್ಲಿಷು ಫ್ರೆಂಚುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೇ ಸರಿ. ಆದರೂ ಪರನುಡಿಗೆ ಬಾಯೊಡ್ಡುವಾಗಿನ ಅಳುಕು ಇಬ್ಬರಲ್ಲಿಯೂ ಒಂದೇ ಬಗೆಯದು. ‘ತಾನು ಯಾರವಳು’ ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದು ಆ ಅಳುಕಿನಿಂದ, ಭೂಪಟದಿಂದಲ್ಲ.

ಈ ಬಾಯಿಯೇ ಆಕೆಯ ಇತರ ಕಲೆಗಳಲ್ಲಿಯೂ ವಸ್ತು. ಚಲಚ್ಚಿತ್ರ, ವೀಡಿಯೋ, ಪ್ರೇಕ್ಷಕರೆದುರಿನ ಪ್ರದರ್ಶನ, ಇವೆಲ್ಲದರಲ್ಲಿಯೂ ಆಕೆಗೆ ಪರಿಶ್ರಮವಿದ್ದಿತು. 1975ರ ‘ಮೌತ್ ಟು ಮೌತ್’ ಎಂಬ ವೀಡಿಯೋದಲ್ಲಿ ಬಾಯೊಂದು ಕೊರಿಯನ್ ಸ್ವರಾಕ್ಷರಗಳ ಆಕಾರಕ್ಕೆ ತೆರೆದುಕೊಳ್ಳುವುದು. ಆದರೆ ಸ್ವರ ಕೇಳಿಸದು, ಕೇಳಿಸುವುದು ಹರಿವ ನೀರಿನ ಸದ್ದು. ತೆರೆಯ ಮೇಲಿನ ಚುಕ್ಕೆಗಳ ಮಬ್ಬು ಬಾಯನ್ನೂ ನುಂಗುವುದು. ಗ್ರಂಥವನ್ನು ಪಾಠ ಹೇಳುವವರು ಮೊದಲು ಇದನ್ನು ನೋಡುವುದು ಲೇಸು.

‘ಡಿಕ್ಟೇ’ಯ ಒಂಬತ್ತು ಪ್ರಕರಣಗಳಿಗೆ ಗ್ರೀಕರ ಒಂಬತ್ತು ಕಲಾದೇವತೆಗಳು ಅಧಿದೇವತೆಗಳು. ಅವರಲ್ಲಿ ಯೂಟರ್ಪೆಯ ಸ್ಥಾನದಲ್ಲಿರುವ ‘ಎಲಿಟೆರೆ’ ಗ್ರೀಕ್ ಪುರಾಣದಲ್ಲಿಲ್ಲ. ಅಚ್ಚಿನ ತಪ್ಪೆಂದು ತಿದ್ದಹೊರಟ ಪಂಡಿತನು ತನಗರಿವಿಲ್ಲದೆ ಉಕ್ತಲೇಖನದ ಉಪಾಧ್ಯಾಯನಾಗಿಬಿಡುವನು.

ಎಲ್ಲ ಪ್ರಕರಣಗಳೂ ಸಮವಾಗಿ ಸಿದ್ಧಿಸಿಲ್ಲ. 1919ರ ಸ್ವಾತಂತ್ರ್ಯ ಚಳುವಳಿಯಲ್ಲಿ ಸೆರೆಸಿಕ್ಕಿ, 1920ರಲ್ಲಿ ಸೆರೆಮನೆಯಲ್ಲಿಯೇ ಮಡಿದ ತರುಣಿ ಯು ಗ್ವಾನ್ ಸೂನಳನ್ನು ಕುರಿತ ಭಾಗದಲ್ಲಿ ಇತಿಹಾಸಕ್ಕೂ ವಿಲಾಪಕ್ಕೂ ಹೊಂದಿಕೆ ಕೂಡಿಬಂದಿದೆ. ಪ್ರೇಮಕಾವ್ಯದ ದೇವತೆ ಎರಾಟೋವಿನ ಪ್ರಕರಣದಲ್ಲಿಯಾದರೋ ಎಡಪುಟದ ತೆರವನ್ನು ಬಲಪುಟ ತುಂಬುವ ವಿನ್ಯಾಸ ಕಣ್ಣಿಗೆ ಹಿತವಾಗಿದ್ದರೂ ಮಾತು ಸೊರಗಿದೆ.